ಹೊಸ ವಕೀಲರ ಪರಿಚಯ

ಹೊಸದಾಗಿ ಸನ್ನದು ಪಡೆದವರನ್ನು ಹಿರಿಯರೊಬ್ಬರು ವಕೀಲರ ಸಭೆಗೆ ಪರಿಚಯಮಾಡಿಕೊಡುವುದು ಒಳ್ಳೆಯ ಸಂಪ್ರದಾಯವು. ಆದರೆ ಮನೆತನವನ್ನೂ ಪದವಿಗಳನ್ನೂ ಹೇಳಿದಮಾತ್ರಕ್ಕೆ ಪರಿಚಯವು ಮುಗಿಯಿತೆನ್ನಬಹುದೇ?

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದರಾಸು ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ, 1923ರಲ್ಲಿ, ಸ್ತ್ರೀಯೆಂಬ ಕಾರಣದಿಂದ ಯಾರನ್ನೂ ಈ ವೃತ್ತಿಯಿಂದ ದೂರವಿಡಕೂಡದೆಂದು ಶಾಸನವಾಯಿತು. ಬಡವರಿಗಾದರೋ ನೋಂದಣಿಯ ಶುಲ್ಕವೇ ಬಹುಕಾಲ ಭಾರವಾಗಿತ್ತು. 1961ರ ವಕೀಲರ ಅಧಿನಿಯಮದಂತೆ 750 ರೂಪಾಯಿಗಿಂತಲೂ, ಪರಿಶಿಷ್ಟ ಜಾತಿ ಪಂಗಡದವರಿಂದ 125 ರೂಪಾಯಿಗಿಂತಲೂ ಹೆಚ್ಚು ಕೇಳಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 30ರಂದು ತೀರ್ಪಿತ್ತಿತು.

ಆದರೂ ಸನ್ನದು ಬಂದೊಡನೆ ಕಕ್ಷಿಗಾರರು ಬರುವುದಿಲ್ಲ. ಹಿರಿಯರ ಕಡತ ಹೊತ್ತು, ವಾಯಿದೆ ಕೇಳಿ, ಬಸ್ಸಿನ ಖರ್ಚಿಗೂ ಮನೆಯವರ ಮುಖ ನೋಡುವ ದಿನಗಳೇ ಮೊದಲು ಬರುವುವು. ಮಳೆಯನ್ನೇ ನಂಬಿದ ಒಕ್ಕಲಿನವರು ಇದನ್ನು ಎಷ್ಟು ವರ್ಷ ತಾಳಿಯಾರು? ಗ್ರಾಮಾಂತರದ ಕಿರಿಯ ವಕೀಲರಿಗೆ ತಿಂಗಳಿಗೆ ಕನಿಷ್ಠ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸಲಹೆಯಿತ್ತಿತು, ಅದು ಕಡ್ಡಾಯವಲ್ಲ.

ಕೊಟ್ಟೂರು ಕಡೆಯ ರೈತರ ಮಗಳೊಬ್ಬರನ್ನು ಸಭೆಗೆ ಪರಿಚಯಿಸುವ ಭಾಗ್ಯವು ನನಗೆ ಒದಗಿದಾಗ, ನನ್ನ ಕಛೇರಿಯಲ್ಲಿ ಅವರಿಗೆ ಗೊತ್ತುಮಾಡಿದ ತಿಂಗಳ ವೇತನವನ್ನೂ ಎಲ್ಲರೆದುರಿಗೆ ತಿಳಿಸಿದೆನು. ಕೆಲವರು ನಕ್ಕರು, ಆ ಹುಡುಗಿಯ ತಂದೆ ಮಾತ್ರ ತಲೆಯೆತ್ತಿ ನೋಡಿದರು.

ಪರಿಚಯಮಾಡಿಕೊಡುವವನು ಒಂದು ಬಗೆಯ ಜಾಮೀನುದಾರನು. ಇವರು ಪ್ರಾಮಾಣಿಕರೆಂದು ಮಾತುಕೊಟ್ಟಮೇಲೆ, ಪ್ರಾಮಾಣಿಕರಾಗಿ ಬಾಳುವಷ್ಟು ಅನ್ನವು ಅವರಿಗೆ ದೊರೆಯುವಂತೆ ನೋಡುವುದೂ ಅವನ ಹೊಣೆಯೇ. ಹಗರಿಬೊಮ್ಮನಹಳ್ಳಿಯೇ ಮೊದಲಾದ ನಮ್ಮ ಸೀಮೆಯ ಹಿರಿಯ ವಕೀಲರು ಈ ವಿಷಯವನ್ನು ಪರ್ಯಾಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ.