ಹರಪನಹಳ್ಳಿಯಿಂದ ಅಪ್ಪನವರಿಗೆ

ಹರಪನಹಳ್ಳಿ
ಮಾಘ ಶುದ್ಧ ನವಮಿ, ರಾತ್ರಿ ಹನ್ನೊಂದೂವರೆ ಗಂಟೆ

 

ದೂರವಾಣಿಯಲ್ಲಿ ಆಡಿದ ಮಾತು ತಮಗೆ ಅರ್ಧ ಕೇಳಿಸಿ ಅರ್ಧ ಕೇಳಿಸದೆ, ಆ ಕೇಳಿಸದ ಅರ್ಧದಿಂದಲೇ ಮನೆಯಲ್ಲಿ ಇಲ್ಲದ ಕಳವಳ ಹುಟ್ಟುತ್ತಿದೆಯೆಂದು ಅಕ್ಕ ತಿಳಿಸಿದ್ದರಿಂದ, ಎಲ್ಲವನ್ನೂ ಕ್ರಮವಾಗಿ ಕಾಗದದಲ್ಲಿಯೇ ಬರೆಯುವುದು ಒಳಿತೆಂದು ಕುಳಿತಿದ್ದೇನೆ. ಮೊದಲು ಅಮ್ಮನಿಗೆ ಓದಿ ಹೇಳಬೇಕಾದವು: ನಾನು ಆರೋಗ್ಯವಾಗಿರುವೆನು, ಇಳಿದುಕೊಂಡಿರುವ ಕೊಠಡಿಗೆ ಭದ್ರವಾದ ಅಗುಳಿಯಿದೆ, ನಮ್ಮ ವಿಭಾಗದ ಕಿರಿಯ ವಿದ್ಯಾರ್ಥಿನಿಯೊಬ್ಬಳು ಜೊತೆಗಿದ್ದಾಳೆ, ಕತ್ತಲಾಗುವ ಮೊದಲೇ ಊರು ಸೇರುತ್ತೇವೆ. ಗುಡೇಕೋಟೆಯ ಕರಡಿಗಳ ಸಮಾಚಾರವನ್ನು ಪತ್ರಿಕೆಯಲ್ಲಿ ಓದಿ ಅಮ್ಮ ಹೆದರಿದಳಂತೆ. ಆ ಕರಡಿಧಾಮವಿರುವುದು ಕೂಡ್ಲಿಗಿಯ ಪೂರ್ವಕ್ಕೆ, ಗ್ರಾನೈಟಿನ ಗುಂಡುಗಳ ನಡುವೆ. ನನ್ನ ಕೆಲಸವೆಲ್ಲ ಪಶ್ಚಿಮದ ಬಯಲಿನಲ್ಲಿ.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವನ್ನು ಕಂಡು ಕೈಮುಗಿದೆ. ಕೊಟ್ಟೂರಿನಲ್ಲಿ ಗುರು ಬಸವೇಶ್ವರನ ದರ್ಶನವಾಯಿತು. ತೇರಿಗೆ ಇನ್ನೂ ದಿನಗಳಿದ್ದರೂ ಊರು ಆಗಲೇ ಸಡಗರದಲ್ಲಿತ್ತು. ಹಗರಿಬೊಮ್ಮನಹಳ್ಳಿಯ ಬಳಿ ಅಂಕಸಮುದ್ರದ ಕೆರೆಯಲ್ಲಿ ಹಕ್ಕಿಗಳು ನೆರೆದಿದ್ದವು. 2024ರಲ್ಲಿ ಅದನ್ನು ರಾಮ್ಸರ್ ಪಟ್ಟಿಗೆ ಸೇರಿಸಿದ್ದಾರೆ. ಹಡಗಲಿಯ ಮಲ್ಲಿಗೆಯನ್ನು ಅಕ್ಕನಿಗೆ ಕಳುಹಿಸುವ ಆಸೆಯಿತ್ತು, ಸಾಗರಕ್ಕೆ ತಲಪುವುದರೊಳಗೆ ಬಾಡುವುದೆಂದು ಬಿಟ್ಟೆ. ಬಾಗಳಿಯ ಕಲ್ಲೇಶ್ವರ, ಮಾಗಳದ ಸೂರ್ಯನಾರಾಯಣ, ಹಿರೇಹಡಗಲಿಯ ಗುಡಿ, ಇವುಗಳ ಚಿತ್ರಗಳು ತಾವು ತರಿಸುವ ಗ್ರಂಥಗಳಲ್ಲಿಯೇ ಉಂಟು. ಆ ಕೆತ್ತನೆಗೆ ಒದಗಿದ ಬಳಪದ ಕಲ್ಲು ನಾನು ಅಭ್ಯಾಸ ಮಾಡುತ್ತಿರುವ ಧಾರವಾಡ ಶಿಲಾವರ್ಗಕ್ಕೇ ಸೇರಿದ್ದೆಂಬುದೊಂದನ್ನು ಮಾತ್ರ ಸೇರಿಸುತ್ತೇನೆ.

ಈ ಸೀಮೆಯಲ್ಲಿ ನನ್ನನ್ನು ನಿಜವಾಗಿ ಬಳಲಿಸಿದ್ದು ಬಿಸಿಲಲ್ಲ, ಜನರ ಶಂಕೆ. ಸುತ್ತಿಗೆ ಹಿಡಿದು ಬಂಡೆ ಒಡೆದು ಚೂರನ್ನು ಚೀಲಕ್ಕೆ ಹಾಕುವವರನ್ನು ಕಂಡೊಡನೆ ‘ಮೈನಿಂಗ್ ಕಡೆಯೋರಾ?’ ಎಂಬ ಪ್ರಶ್ನೆ ಬರುತ್ತದೆ. ಅಲ್ಲವೆಂದರೆ ನಂಬುವುದಿಲ್ಲ, ವಿಶ್ವವಿದ್ಯಾನಿಲಯದ ಪತ್ರ ತೋರಿಸಿದರೆ ಅದು ಯಾರ ಕಾಗದವೆಂದು ಮತ್ತೆ ವಿಚಾರಣೆ. ಹಡಗಲಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹತ್ತಾರು ಮಂದಿ ಸುತ್ತುವರಿದು, ನಮ್ಮ ಹೊಲದ ಕೆಳಗೆ ಏನು ಸಿಕ್ಕಿತು, ಯಾವಾಗ ಬಂದು ಅಗೆಯುತ್ತೀರಿ ಎಂದು ಕೇಳಿದಾಗ, ಅವರ ದನಿಯಲ್ಲಿದ್ದುದು ಕೋಪಕ್ಕಿಂತ ಹೆಚ್ಚಾಗಿ ಭೀತಿಯೆಂದು ನನಗೆ ತೋರಿತು. ಪಕ್ಕದ ಸಂಡೂರಿನ ಬೆಟ್ಟಗಳಿಗೆ ಏನಾಯಿತೆಂಬುದನ್ನು ಅವರು ಕಣ್ಣಾರೆ ಕಂಡವರು; 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಗಿ ಬಂದಿತಲ್ಲವೆ? ಆದುದರಿಂದ ಅವರನ್ನು ನಾನು ಆಕ್ಷೇಪಿಸಲಾರೆ. ಆದರೆ ಕಲ್ಲನ್ನು ಓದುವುದಕ್ಕೂ ಕಲ್ಲನ್ನು ಮಾರುವುದಕ್ಕೂ ಇರುವ ಅಂತರವನ್ನು ಪ್ರತಿಯೊಂದು ಊರ ಮುಂದೆಯೂ ಮೊದಲಿನಿಂದ ಹೇಳುತ್ತ ಹೋಗುವುದರಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. ಅದೇ ಸಂಜೆ ಖಾಸಗಿ ಬಸ್ಸೊಂದರ ನಿರ್ವಾಹಕರು ಚೀಲದ ಭಾರವನ್ನು ನೋಡಿ ಅದಕ್ಕೂ ಒಂದು ಟಿಕೀಟು ಹರಿದರು. ಮೈಲಾರದ ಕಾರಣಿಕಕ್ಕೆ ಹೊರಟವರಿಂದ ಬಸ್ಸು ತುಂಬಿದ್ದುದರಿಂದ ಕೊಟ್ಟ ಟಿಕೀಟಿಗೆ ಸ್ಥಳ ಮಾತ್ರ ದೊರೆಯದೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಹರಪನಹಳ್ಳಿಯವರೆಗೆ ಬಂದೆ.

ಆ ಚೀಲದಲ್ಲಿದ್ದುದು ಏನೆಂದು ತಮಗೆ ಹೇಳದೆ ಮತ್ತಾರಿಗೆ ಹೇಳಲಿ? ಗದಗಿನ ಕಡೆಯಿಂದ ಹೊರಟು, ತುಂಗಭದ್ರೆಯನ್ನು ದಾಟಿ, ಹಡಗಲಿ, ಹರಪನಹಳ್ಳಿಗಳ ಮೇಲೆ ಹಾದು, ಚಿತ್ರದುರ್ಗದ ಮಾರ್ಗವಾಗಿ ದಕ್ಷಿಣಕ್ಕೆ 400 ಕಿಲೋಮೀಟರಿಗೂ ಮಿಕ್ಕಿ ಹೋಗುವ ಶಿಲೆಗಳ ಪಟ್ಟಿಯೊಂದಿದೆ; ಚೀಲದಲ್ಲಿದ್ದುದು ಅದರ ಚೂರುಗಳು. ಪಲ್ಲಾವರದಲ್ಲಿ 1863ರಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಕಂಡುಹಿಡಿದ ರಾಬರ್ಟ್ ಬ್ರೂಸ್ ಫೂಟ್ ಅವರೇ ಈ ಬಗೆಯ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರಿಟ್ಟವರು. ಅವರು ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತು ಬರೆದ ಗ್ರಂಥ 1895ರಲ್ಲಿ ಪ್ರಕಟವಾಯಿತು. ಡಂಬಳ-ಚಿಕ್ಕನಾಯಕನಹಳ್ಳಿ ಪಟ್ಟಿಯೆಂದು ಅವರು ಕರೆದದ್ದನ್ನು ಈಗ ನಾವು ಚಿತ್ರದುರ್ಗದ ಪಟ್ಟಿಯೆನ್ನುತ್ತೇವೆ. ಇದರಲ್ಲಿ ಬಹುಭಾಗ ಗ್ರೇವ್ಯಾಕ್ ಎಂಬ ಬೂದುಗಪ್ಪಿನ ಕಲ್ಲು. ಸುಮಾರು 260 ಕೋಟಿ ವರ್ಷಗಳ ಹಿಂದೆ, ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲದಿದ್ದ, ನಾವು ಉಸಿರಾಡಬಲ್ಲ ವಾಯುವೂ ಇಲ್ಲದಿದ್ದ ಕಾಲದಲ್ಲಿ, ಸಮುದ್ರದ ತಳದಲ್ಲಿ ಮರಳೂ ಕೆಸರೂ ಸೇರಿ ಕೂತು ಆದದ್ದು.

ಸಮುದ್ರವೆಂದು ಹೇಗೆ ತಿಳಿಯಿತೆಂದು ತಾವು ಖಂಡಿತ ಕೇಳುವಿರಿ. ಇಲ್ಲಿಗೆ ಸಮೀಪದ ಒಂದು ಹಳ್ಳದಲ್ಲಿ ನೀರು ತೊಳೆದ ಬಂಡೆಯ ಮೇಲೆ ಭೂತಗನ್ನಡಿಯಿಟ್ಟು ನೋಡಿದೆ. ಗೇಣುದ್ದದ ಒಂದು ಪದರ. ಅದರ ಒಂದು ಅಂಚಿನಲ್ಲಿ ಸಾಸಿವೆಯಷ್ಟು ದಪ್ಪದ ಬೆಣಚಿನ ಹರಳುಗಳು, ಬರಬರುತ್ತ ಅವು ಸಣ್ಣವಾಗಿ, ಇನ್ನೊಂದು ಅಂಚು ಬೆರಳಿಗೆ ತರಿಯೇ ತಾಗದಷ್ಟು ನುಣುಪು. ಆ ನುಣುಪಿನ ಮೇಲೆ ಥಟ್ಟನೆ ಮತ್ತೆ ದಪ್ಪ ಹರಳು, ಮತ್ತೊಂದು ಪದರ. ಕಡಲಿನ ಇಳಿಜಾರಿನಲ್ಲಿ ಕೆಸರು ಕುಸಿದು, ನೀರಿನೊಡನೆ ಕಲಸಿ, ಆಳದ ಬಯಲಿಗೆ ಧಾವಿಸಿ ನಿಂತಾಗ ಭಾರವಾದದ್ದು ಮೊದಲು, ಹಗುರವಾದದ್ದು ಕೊನೆಗೆ ತಳಕ್ಕಿಳಿಯುತ್ತದೆ. ಅಂಥ ಒಂದೊಂದು ಪ್ರವಾಹದ ಗುರುತೇ ಒಂದೊಂದು ಪದರ. ಇದು ಕಲ್ಪನೆಯಲ್ಲ. 1929ರ ನವೆಂಬರಿನಲ್ಲಿ ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣಕ್ಕೆ ಭೂಕಂಪವಾದಾಗ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ್ದ ತಂತಿಗಳಲ್ಲಿ ಹಲವು ಒಂದಾದ ಮೇಲೊಂದು ಕಡಿದುಹೋದವು. ಅವು ಕಡಿದ ಗಳಿಗೆಗಳನ್ನು ಲೆಕ್ಕಹಾಕಿ 1952ರಲ್ಲಿ ಹೀಜನ್, ಯೂಯಿಂಗ್ ಎಂಬಿಬ್ಬರು ಈ ಕೆಸರಿನ ಪ್ರವಾಹದ ವೇಗವನ್ನೇ ನಿರ್ಣಯಿಸಿದರು. ಆದರೆ ಅಟ್ಲಾಂಟಿಕ್‌ನಲ್ಲಿ ಪದರಗಳು ಮಲಗಿವೆ; ಹರಪನಹಳ್ಳಿಯಲ್ಲಿ ಅವು ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳಂತೆ ನೆಟ್ಟಗೆ ನಿಂತಿವೆ. ಮಲಗಿದ್ದ ಕಡಲತಳವನ್ನು ಹಿಂಡಿ, ಮಡಿಸಿ, ಎಬ್ಬಿಸಿ ನಿಲ್ಲಿಸಿದ ಬಲ ಯಾವುದು ಎಂಬುದೇ ನನ್ನ ಪ್ರಬಂಧ.

ಈ ಪದರವನ್ನು ನೋಡುತ್ತ ಕುಳಿತಿದ್ದಾಗಲೇ ಅಜ್ಜಿಯೊಬ್ಬರು ಬಂದದ್ದು. ಹಳ್ಳದ ದಂಡೆಯ ಎರೆಹೊಲದಲ್ಲಿ ಬಿಳಿಜೋಳದ ಕೊಯ್ಲು ನಡೆದಿತ್ತು. ಕುಡುಗೋಲು ಹಿಡಿದು ಇಳಿದು ಬಂದವರು ನಮ್ಮನ್ನು ಗಣಿಯ ಮಾತು ಕೇಳಲೇ ಇಲ್ಲ. ‘ಯಾ ಊರವ್ವಾ ನಿಮ್ದು? ಇಂಥಾ ಬಿಸಿಲಾಗ ಕಲ್ಲಿನ ಮ್ಯಾಲೆ ಕುಂತೀರಲ್ಲ, ಉಂಡೀರೋ ಇಲ್ಲೋ?’ ಎಂದರು. ಬಿಸ್ಕತ್ತು ತಿಂದೆವೆಂದಾಗ ಅವರ ಮುಖದಲ್ಲಿ ಮೂಡಿದ ನೋವನ್ನು ನಾನು ಮರೆಯಲಾರೆ. ಬೇವಿನ ಮರದಡಿಗೆ ಕರೆದೊಯ್ದು ಬುತ್ತಿಯ ಗಂಟು ಬಿಚ್ಚಿದರು: ತೆಳ್ಳಗಿನ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಅದು ಅವರಿಗೂ ಸೊಸೆಗೂ ತಂದದ್ದೆಂದು ಸ್ಪಷ್ಟವಾಗಿಯೇ ತಿಳಿಯುತ್ತಿತ್ತು. ಬೇಡವೆಂದರೂ ಕೇಳದೆ ರೊಟ್ಟಿಯ ಮೇಲೆ ರೊಟ್ಟಿ ಬಡಿಸಿ, ‘ಹೊಲಕ್ಕೆ ಬಂದೋರು ಹಸ್ಕಂಡು ಹೋದ್ರೆ ಹೊಲಕ್ಕ ಒಳ್ಳೇದಲ್ಲವ್ವಾ’ ಎಂದರು. ಅನ್ನಕ್ಕೆ ಒಗ್ಗಿದ ನನ್ನ ಮಲೆನಾಡಿನ ನಾಲಗೆಗೆ ಪುಂಡಿಸೊಪ್ಪಿನ ಹುಳಿ ಹೊಸತು. ಆದರೂ ಇಷ್ಟು ತೃಪ್ತಿಯ ಊಟವನ್ನು ಈ ಪ್ರವಾಸದಲ್ಲಿ ಬೇರೆಲ್ಲಿಯೂ ಉಣ್ಣಲಿಲ್ಲ.

ಊಟವಾದ ಮೇಲೆ ಅವರು ಹಳ್ಳಕ್ಕೆ ಮರಳಿ ಇಳಿದು, ನಾನು ನೋಡುತ್ತಿದ್ದ ಬಂಡೆಯ ಪಕ್ಕದಲ್ಲಿಯೇ ಬಿದ್ದಿದ್ದ ಒಂದು ಚಕ್ಕೆಯನ್ನೆತ್ತಿ, ನೀರು ಚಿಮುಕಿಸಿ ಕುಡುಗೋಲು ಮಸೆಯತೊಡಗಿದರು. ಚಕ್ಕೆಯನ್ನು ತಿರುಗಿಸಿ, ‘ಈ ಮಗ್ಗಲು ಮೊದ್ಲು ತಿಕ್ಕಬೇಕು, ಅಲಗು ಬರಾಕ ಈ ನುಣ್ಣಂದು’ ಎಂದು ತೋರಿಸಿದರು. ಅಪ್ಪಾ, ದಪ್ಪ ಹರಳಿನ ಮಗ್ಗುಲು ಪದರದ ತಳ, ನುಣುಪಿನ ಮಗ್ಗುಲು ಅದರ ನೆತ್ತಿ. ಯಾವುದು ಮೇಲು ಯಾವುದು ಕೆಳಗು ಎಂದು ನಾವು ಸಲಕರಣೆ ಹಿಡಿದು ನಿರ್ಧರಿಸುವುದನ್ನು ಅವರು ಅಂಗೈಯಲ್ಲಿ ಬಲ್ಲರು. ಅಲ್ಲಿಂದ ಹಳ್ಳದುದ್ದಕ್ಕೂ ನಡೆದು ಯಾವ ಪದರಗಳು ತಲೆಕೆಳಗಾಗಿವೆಯೆಂದು ಅಳೆದು ಗುರುತಿಸಿಕೊಂಡೆವು. ಹೊರಡುವಾಗ ಅಜ್ಜಿ ಕೇಳಿದ್ದು ಒಂದೇ: ಮಗ ಕೊರೆಸಿದ ಕೊಳವೆ ಬಾವಿಯಲ್ಲಿ ನೀರು ಬೀಳಲಿಲ್ಲ, ಇನ್ನೊಂದಕ್ಕೆ ಸಾಲ ಮಾಡಲೋ ಬೇಡವೋ? ಇಂಥ ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ, ಆಳ ಹೆಚ್ಚಿದಂತೆ ನೀರು ಹೆಚ್ಚುವುದೆಂಬ ನಂಬಿಕೆ ಇಲ್ಲಿ ಸಲ್ಲದು ಎಂದು ನನಗೆ ತಿಳಿದಷ್ಟನ್ನು ಹೇಳಿ, ಅಂತರ್ಜಲ ವಿಷಯದಲ್ಲಿ ಕೆಲಸ ಮಾಡುವ ನನ್ನ ಗೆಳತಿಯನ್ನು ಕರೆತಂದು ತೋರಿಸುವವರೆಗೆ ಸಾಲ ಮಾಡಬೇಡಿರೆಂದು ಬೇಡಿಕೊಂಡೆ. ಆ ಮಾತನ್ನು ನಡೆಸಿಯೇ ತೀರುವೆನು.

ಅಂದಹಾಗೆ, ಅಡಕೆಯ ಕೊನೆಕೊಯ್ಲು ಮುಗಿಯಿತೆ? ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ದಿನವನ್ನು ನನ್ನ ಕೆಲಸಕ್ಕಾಗಿ ದಯವಿಟ್ಟು ಮುಂದೂಡಬೇಡಿ. ದಿನ ತಿಳಿಸಿದರೆ ನಾನೇ ಬರುತ್ತೇನೆ. ನನ್ನ ವಿದ್ಯಾರ್ಥಿವೇತನದ ಬ್ಯಾಂಕಿನ ಪುಸ್ತಕ ಬೀರುವಿನ ಮೇಲಿನ ಖಾನೆಯಲ್ಲಿರಬೇಕು, ಅಕ್ಕನ ಕೈಯಲ್ಲಿ ಹುಡುಕಿಸಿ.

ಮುಂದಿನ ಕೆಲಸವನ್ನು ಹೇಳಿಬಿಡುತ್ತೇನೆ. ಕಲ್ಲನ್ನು ಪುಡಿಮಾಡಿ ಅದರಿಂದ ಜಿರ್ಕಾನ್ ಎಂಬ ಸೂಕ್ಷ್ಮ ಹರಳುಗಳನ್ನು ಆರಿಸಿ ತೆಗೆಯಬೇಕು. ಅವುಗಳಲ್ಲಿ ಸೆರೆಯಾದ ಯುರೇನಿಯಂ ನಿಯತವಾದ ಗತಿಯಲ್ಲಿ ಸೀಸವಾಗುತ್ತ ಹೋಗುವುದರಿಂದ (ಅದರ ಮುಖ್ಯ ಬಗೆಯಲ್ಲಿ ಅರ್ಧ ಕರಗಲು 447 ಕೋಟಿ ವರ್ಷ ಬೇಕು) ಒಂದೊಂದು ಹರಳಿನ ಜನ್ಮಕಾಲವೂ ಗೊತ್ತಾಗುತ್ತದೆ. ಈ ಪಟ್ಟಿಯ ಪಶ್ಚಿಮದ ನೆಲದಲ್ಲಿ 300 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳಿವೆ. ಪೂರ್ವದ ನೆಲ ಬಹುಮಟ್ಟಿಗೆ ಅದಕ್ಕಿಂತ ಎಳೆಯದು. ಇವೆರಡರ ಗಡಿಯನ್ನು ಅನೇಕ ವಿದ್ವಾಂಸರು ಗುರುತಿಸುವುದು ಈ ಪಟ್ಟಿಯ ಪೂರ್ವದ ಅಂಚಿನಲ್ಲಿಯೇ. ನನ್ನ ಚೀಲದ ಮರಳಿನಲ್ಲಿ ಎರಡು ಕಡೆಯ ಹರಳುಗಳೂ ಬೆರೆತಿದ್ದರೆ, ಆ ಕಡಲು ಮರಳನ್ನು ತುಂಬಿಕೊಳ್ಳುತ್ತಿದ್ದಾಗಲೇ ಎರಡು ನೆಲಗಳೂ ನೆರೆಹೊರೆಯಾಗಿದ್ದವೆಂದಾಯಿತು. ಪಶ್ಚಿಮದವು ಮಾತ್ರ ಇದ್ದರೆ, ಪೂರ್ವದ ನೆಲ ಇನ್ನೂ ದೂರದಲ್ಲಿತ್ತೆಂದು ಊಹಿಸಲು ಆಧಾರವಾಯಿತು. ಸುಮಾರು 252 ಕೋಟಿ ವರ್ಷಗಳ ಹಿಂದೆ ಕ್ಲೋಸ್‌ಪೇಟೆಯ ಗ್ರಾನೈಟು ಕರಗಿ ಮೇಲೆ ಬರುವ ಹೊತ್ತಿಗಂತೂ ಇವು ಬೆಸೆದುಕೊಂಡಿದ್ದವು. ಇಂದಿನಂತೆ ಭೂಫಲಕಗಳು ಚಲಿಸಿ ಡಿಕ್ಕಿಯಾದದ್ದು ಅಷ್ಟು ಹಿಂದೆಯೂ ಉಂಟೇ ಎಂಬ ವಾದ ಜಗತ್ತಿನಲ್ಲೆಲ್ಲ ನಡೆದಿದೆ. ಅದಕ್ಕೆ ಸಾಕ್ಷಿ ಹೇಳಬಲ್ಲ ನೆಲಗಳು ಭೂಮಿಯ ಮೇಲೆ ಕೆಲವೇ, ಅವುಗಳಲ್ಲೊಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆ. ಅಳತೆಯ ಪುಸ್ತಕವನ್ನು ನೋಡಿ ನನ್ನ ಮಾರ್ಗದರ್ಶಕರು ಬಹಳ ಮೆಚ್ಚಿದರೆಂಬುದನ್ನೂ ಅಮ್ಮನಿಗೆ ಹೇಳಿ.

ಇಷ್ಟಾದರೂ, ಇಲ್ಲಿನ ಶಾಲೆಯ ಮಕ್ಕಳಿಗೆ ಹಿಂದುಳಿದ ತಾಲ್ಲೂಕು, ಬರಗಾಲದ ತಾಲ್ಲೂಕು ಎಂಬುದಲ್ಲದೆ ತಮ್ಮ ನೆಲದ ಬಗ್ಗೆ ಬೇರೇನೂ ಹೇಳುವವರಿಲ್ಲವೆಂಬುದು ನನ್ನನ್ನು ಬಾಧಿಸುತ್ತಿದೆ. ಅವರಿಗಾಗಿ ಹಳ್ಳದ ಈ ಬಂಡೆಯನ್ನು ಕುರಿತು ಒಂದು ಸಣ್ಣ ಪಾಠವನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಬೇರೆ ಲಕೋಟೆಯಲ್ಲಿ ನಾಳೆ ಅಂಚೆಗೆ ಹಾಕುವೆನು. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದ ತಾವು ಅದನ್ನು ಒಮ್ಮೆ ಓದಿ, ಏಳನೆಯ ತರಗತಿಯ ಹುಡುಗನಿಗೆ ಎಲ್ಲಿ ಕಷ್ಟವಾಗುವುದೋ ಅಲ್ಲೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಈ ತಿಂಗಳೊಳಗೆ ಹಿಂದಿರುಗಿಸಬೇಕು; ಇಲ್ಲಿನ ಮುಖ್ಯೋಪಾಧ್ಯಾಯರೊಬ್ಬರು ಅದನ್ನು ಓದಿಸಲು ಒಪ್ಪಿದ್ದಾರೆ, ಮಕ್ಕಳನ್ನು ಹಳ್ಳಕ್ಕೂ ಕರೆತರುವರಂತೆ, ಆ ದಿನ ಸಾಧ್ಯವಾದರೆ ತಾವೂ ಬರಬೇಕು.