ಪುನರಭಿನಯವೂ ಚರಿತ್ರೆಯೂ

ಗತಿಸಿದವರ ಬಾಳನ್ನು ಇರುವವರು ಆಡಿ ತೋರಿಸುವುದು ಕನ್ನಡನಾಡಿಗೆ ಹೊಸದಲ್ಲ. ವಿರಾಟನ ಅರಮನೆಯ ಬೃಹನ್ನಳೆಯನ್ನು ಗಮಕಿಯ ಕಂಠದಲ್ಲಿ ಕೇಳಿ, ಬಯಲಾಟದ ರಂಗದಲ್ಲಿ ಕಂಡು ಮೆಚ್ಚಿದ ಮನೆಗಳು ಅಸಂಖ್ಯಾತವಾಗಿವೆ. ಅಮರಕೋಶವನ್ನು ಬಾಯಿಪಾಠ ಮಾಡಿದ ಬಾಲಕನೂ ತೃತೀಯಾಪ್ರಕೃತಿಯೆಂಬ ಶಬ್ದವನ್ನು ಬಲ್ಲನು. ಆದರೆ ಬೃಹನ್ನಳೆಯ ಕಥೆಗೆ ತಲೆದೂಗಿದ ಮನೆಯೇ ಮಂಗಳಮುಖಿಯೊಬ್ಬಳು ಎದುರಿಗೆ ಬಂದು ನಿಂತಾಗ ಕದವನ್ನು ಹಾಕಿಕೊಳ್ಳುವುದೇಕೆ? ಮೊದಲನೆಯವಳ ಕಥೆಯು ಮನೆಯವರಿಗೆ ತಿಳಿದಿದೆ, ಎರಡನೆಯವಳದು ತಿಳಿದಿಲ್ಲ.

ತಿಳಿಯದಿರುವುದಕ್ಕೆ ಕಾರಣವುಂಟು. ಈ ಜನರ ವೃತ್ತಾಂತವನ್ನು ಬಹುಕಾಲ ಬರೆದಿಟ್ಟವರು ಅವರಲ್ಲ, ಅವರ ಮೇಲೆ ಕಣ್ಣಿಟ್ಟಿದ್ದ ಅಧಿಕಾರಿಗಳು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಉತ್ತರ ಹಿಂದೂಸ್ಥಾನದಲ್ಲಿ ಸಂಶಯಕ್ಕೊಳಗಾದ ಹಿಜಡಾಗಳ ಹೆಸರನ್ನೂ ವಾಸಸ್ಥಳವನ್ನೂ ದಫ್ತರಿನಲ್ಲಿ ಬರೆಯಿಸಿತು; ಹಾಗೆ ಬರೆಯಲ್ಪಟ್ಟವರು ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ದಂಡನೆಯನ್ನು ವಿಧಿಸಿತು. 140 ವರ್ಷಗಳು ಕಳೆದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36ಎ ಕಲಮು ಅಂಥದೇ ಪಟ್ಟಿಯನ್ನಿಡುವ ಅಧಿಕಾರವನ್ನು ಪೊಲೀಸ್ ಕಮಿಷನರರಿಗೆ ಕೊಟ್ಟಿತು. ವಿಷಯವು ಉಚ್ಚ ನ್ಯಾಯಾಲಯಕ್ಕೆ ಹೋದ ಬಳಿಕವೇ ಕಲಮಿನಲ್ಲಿ ಆ ಜನರನ್ನು ಹೆಸರಿಸಿದ್ದ ಪದವನ್ನು ತೆಗೆದು ತಿದ್ದಲಾಯಿತು.

ಇಂಥ ಕಡತಗಳೊಳಗಿಂದ ಮನುಷ್ಯರ ಧ್ವನಿಯನ್ನು ಹೊರತರುವುದು ಹೇಗೆ? 'ಫ್ರೇಮಿಂಗ್ ಆಗ್ನೆಸ್' ಎಂಬ 2022ರ ಸಾಕ್ಷ್ಯಚಿತ್ರವು ಒಂದು ಮಾರ್ಗವನ್ನು ತೋರಿದೆ. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯಕ್ಕೆ 1958ರಲ್ಲಿ ಬಂದ ಯುವತಿಯೊಬ್ಬಳೊಡನೆ ಹೆರಾಲ್ಡ್ ಗಾರ್ಫಿಂಕೆಲ್ ಎಂಬ ಸಮಾಜಶಾಸ್ತ್ರಜ್ಞನು ನಡೆಸಿದ ಸಂಭಾಷಣೆಯು, ಆಗ್ನೆಸ್ ಎಂಬ ಕಲ್ಪಿತನಾಮದಿಂದ, 1967ರಲ್ಲಿ ಗ್ರಂಥಸ್ಥವಾಯಿತು. ಆತನ ಕಾಗದಪತ್ರಗಳಲ್ಲಿ ಇಂಥ ಬೇರೆಯವರ ಸಂಭಾಷಣೆಗಳೂ ದೊರೆತುವು. ನಿರ್ದೇಶಕ ಚೇಸ್ ಜಾಯಿಂಟರು ಅವನ್ನು ಟೆಲಿವಿಷನ್ ಸಂದರ್ಶನದ ರೂಪಕ್ಕೆ ತಂದು, ಲಿಂಗಪರಿವರ್ತಿತರಾದ ಇಂದಿನ ನಟರಿಂದಲೇ ಆಡಿಸಿದರು. ನಡುನಡುವೆ ಆ ನಟರು ಪಾತ್ರವನ್ನು ಬಿಟ್ಟು, ತಾವಾಡಿದ ಮಾತುಗಳ ವಿಷಯವಾಗಿ ತಾವೇ ವಿಚಾರ ಮಾಡುವರು. ನೋಡುವವನಿಗೆ ಕಡತವಾವುದು, ಅಭಿನಯವಾವುದು ಎಂಬ ಭ್ರಾಂತಿಯುಂಟಾಗುವುದಿಲ್ಲ. ನಾಟ್ಯಶಾಸ್ತ್ರವು ಹೇಳುವ ಅನುಕೀರ್ತನಕ್ಕೆ ಇದು ಸಲ್ಲುವ ರೀತಿಯೇ ಆಗಿದೆ.

ಬೆಂಗಳೂರಿನಲ್ಲಿ ಇದಕ್ಕೆ ಸಮೀಪವಾದ ಪ್ರಯತ್ನವು ರಂಗಭೂಮಿಯಲ್ಲಿ ನಡೆದಿದೆ. ಎ. ರೇವತಿಯವರು ನಾಮಕ್ಕಲ್ ಸೀಮೆಯಿಂದ ಬಂದವರು. ಬೆಂಗಳೂರಿನ ಹಮಾಮಿನಲ್ಲಿ ಬಾಳಿದವರು. 1999ರಲ್ಲಿ ಸಂಗಮ ಸಂಸ್ಥೆಯನ್ನು ಸೇರಿದವರು. ಹಮಾಮೆಂದರೆ ಬಿಸಿನೀರಿನ ಸ್ನಾನಗೃಹ. ಹೆತ್ತವರ ಮನೆಯನ್ನು ಕಳೆದುಕೊಂಡ ಹಿಜಡಾಗಳಿಗೆ ಅದೇ ಮನೆ, ಅದೇ ಜೀವನೋಪಾಯ. ಗುರು ಮತ್ತು ಚೇಲಾ ಎಂಬ ಸಂಬಂಧವೇ ಅಲ್ಲಿಯ ಬಂಧುತ್ವ. 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ರೇವತಿಯವರ ಆತ್ಮಕಥೆಯು, ದು. ಸರಸ್ವತಿಯವರ ಅನುವಾದದಿಂದ 'ಬದುಕು ಬಯಲು' ಎಂದು ಕನ್ನಡಕ್ಕೆ ಬಂದು, ಜನಮನದಾಟ ತಂಡದವರಿಂದ ನಾಟಕವಾಯಿತು. ಎ. ಮಂಗೈಯವರು ನಿರ್ದೇಶಿಸಿದ 'ವೆಳ್ಳೈ ಮೊಳಿ' ಎಂಬ ತಮಿಳು ಏಕವ್ಯಕ್ತಿ ನಾಟಕದಲ್ಲಿ ರೇವತಿಯವರು ಸ್ವತಃ ನಿಂತು ತಮ್ಮ ಬಾಳನ್ನು ಆಡಿ ತೋರಿಸಿದರು. ಪೊಲೀಸರ ಪಟ್ಟಿಯಲ್ಲಿ ಒಂದು ಹೆಸರು ಮಾತ್ರವಾಗಿ ಉಳಿಯಬಹುದಾಗಿದ್ದವರು ಹೀಗೆ ತಮ್ಮ ಚರಿತ್ರೆಗೆ ತಾವೇ ಕರ್ತೃಗಳಾದರು.

ಶಿವಾಜಿನಗರ, ಹಲಸೂರುಗಳ ದಂಡುಪ್ರದೇಶದಲ್ಲಿಯೂ ಕೃಷ್ಣರಾಜಪುರದವರೆಗಿನ ಅದರ ಮೂಡಣ ಬಡಾವಣೆಗಳಲ್ಲಿಯೂ ತಮಿಳು, ದಖ್ಖನಿ, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಇಲ್ಲಿ ಇಂಥ ಚಿತ್ರವನ್ನು ತೆಗೆಯಲೆಳಸುವವರು ವೃದ್ಧರಾದ ಗುರುಗಳ ವೃತ್ತಾಂತವನ್ನು ಅವರವರ ನುಡಿಯಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಹೆಸರನ್ನು ಹೇಳಲೊಲ್ಲದವರ ಹೆಸರನ್ನು ಮರೆಮಾಡಬೇಕು. ಪಾತ್ರವನ್ನು ಆ ಸಮುದಾಯದವರಿಗೇ ವಹಿಸಬೇಕು. ಸಾಕ್ಷ್ಯವು ಮುಗಿದೆಡೆಯಲ್ಲಿ ಕಲ್ಪನೆಯನ್ನು ಹೆಣೆಯದೆ ನಿಲ್ಲಬೇಕು.

2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಜನರ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರಕಾರವು ತನ್ನ ನೌಕರಿಗಳಲ್ಲಿ ಅವರಿಗೆ ನೂರಕ್ಕೆ 1ರಂತೆ ಸ್ಥಾನವನ್ನು ಮೀಸಲಿಟ್ಟಿತು. ಈ ಹಕ್ಕುಗಳು ದೊರೆಯುವ ಮುನ್ನ ಬಾಳಿದವರು ಮುದುಕರಾಗಿದ್ದಾರೆ. ಅವರ ಮಾತನ್ನು ಈಗ ಕೇಳದಿದ್ದರೆ, ಮುಂದಿನವರ ಕೈಗೆ ಸಿಗುವುದು ಪೊಲೀಸರ ದಫ್ತರೊಂದೇ.