ಮುಖಚಂದ್ರ

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಅಲಂಕಾರಗಳ ಪಾಠ ಹೇಳುತ್ತ ಬಂದಿದ್ದೇನೆ. ರೂಪಕಕ್ಕೆ ಉದಾಹರಣೆ ಕೊಡುವಾಗ 'ಮುಖಚಂದ್ರ' ಎಂಬ ಮಾತು ತಾನಾಗಿಯೇ ನಾಲಗೆಗೆ ಬರುತ್ತದೆ. ಅಲಂಕಾರವೆಂದರೆ ಕಾವ್ಯಕ್ಕೆ ತೊಡಿಸಿದ ಒಡವೆ. ಅದಿಲ್ಲದೆ ಯಾರ ಸಂಸಾರವೂ ನಿಲ್ಲುವುದಿಲ್ಲವೆಂದೇ ನಂಬಿದ್ದೆ. ಆ ನಂಬಿಕೆಯನ್ನು ಕೆಡಿಸಿದವಳು ನನ್ನ ತಂಗಿ.

ಆಕೆಗೆ ಲೂಪಸ್ ರೋಗ. ಲ್ಯಾಟಿನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. ತೋಳ ಕಚ್ಚಿದಂತೆ ಕಾಣುವ ಚರ್ಮದ ಹುಣ್ಣಿಗೆ ಹಿಂದಿನ ಕಾಲದ ಯೂರೋಪಿನ ವೈದ್ಯರು ಇಟ್ಟ ಹೆಸರದು. ಮೂಗಿನ ಮೇಲೆ ಹಾಯ್ದು ಎರಡು ಕೆನ್ನೆಗೂ ಹರಡುವ ಕೆಂಪಿಗೆ ಮುಂದೆ ಬಂದವರು ಚಿಟ್ಟೆಯನ್ನು ಹೋಲಿಸಿದರು. ಔಷಧವಾಗಿ ಕೊಟ್ಟ ಸ್ಟೀರಾಯ್ಡಿನಿಂದ ತಂಗಿಯ ಮುಖ ಊದಿಕೊಂಡಾಗ ಡಾಕ್ಟರು, "ಗಾಬರಿ ಬೇಡ, ಇದನ್ನು ಮೂನ್ ಫೇಸ್ ಅನ್ನುತ್ತೇವೆ" ಎಂದರು. ನನ್ನ ಮುಖಚಂದ್ರ! ಮದುವೆಮನೆಯೊಂದರಲ್ಲಿ ನೆಂಟರು, "ಮೈ ತುಂಬಿಕೊಂಡಿದ್ದೀಯಮ್ಮ, ಮುಖಕ್ಕೆ ಕಳೆ ಬಂದಿದೆ" ಎಂದು ಮೆಚ್ಚಿದರು. ಆಕೆ ನಕ್ಕಳು, ಮನೆಗೆ ಬಂದು ಕನ್ನಡಿಗೆ ಬಟ್ಟೆ ಮುಚ್ಚಿದಳು.

ನಾನು ಧೈರ್ಯ ಹೇಳಹೋದೆ: "ರೋಗದ ಮೇಲೆ ಯುದ್ಧ ಹೂಡಬೇಕು, ಸೋಲಬಾರದು."

"ಯಾರ ಮೇಲೆ ಯುದ್ಧ, ಅಣ್ಣ? ಎರಡು ಕಡೆಯ ಸೈನ್ಯವೂ ನನ್ನದೇ."

ಮಾತು ನಿಜ. ರೋಗಾಣುಗಳನ್ನು ತಡೆಯಬೇಕಾದ ದೇಹದ ರಕ್ಷಣಾಶಕ್ತಿಯೇ ಇಲ್ಲಿ ಚರ್ಮ, ಕೀಲು, ಮೂತ್ರಪಿಂಡಗಳ ಮೇಲೆ ತಿರುಗಿಬೀಳುತ್ತದೆ.

ಇದೇ ರೋಗವುಳ್ಳ ಅಮೆರಿಕದ ಕ್ರಿಸ್ಟೀನ್ ಮಿಸರಾಂಡಿನೊ 2003ರಲ್ಲಿ ಒಂದು ಪ್ರಬಂಧ ಬರೆದರು. ಹೋಟೆಲಿನಲ್ಲಿ ಗೆಳತಿಯ ಕೈಗೆ ಹನ್ನೆರಡು ಚಮಚ ಕೊಟ್ಟು, ಸ್ನಾನಕ್ಕೊಂದು, ಬಟ್ಟೆ ತೊಡುವುದಕ್ಕೊಂದು ಎಂದು ಹಿಂದಕ್ಕೆ ಪಡೆಯುತ್ತ, ದಿನದ ಶಕ್ತಿ ಮುಗಿಯುವ ಬಗೆಯನ್ನು ತೋರಿಸಿಕೊಟ್ಟರಂತೆ. ಇದನ್ನು ತಂಗಿಗೆ ಹೇಳಿದೆ.

"ಚಮಚದ ಲೆಕ್ಕ ನನಗೆ ಹತ್ತದು. ನಮ್ಮ ಬೀದಿಯ ನಲ್ಲಿಯ ಹಾಗೆ ಅನ್ನು. ಐದು ಕೊಡ ಬಂತೋ, ಎರಡೇ ಬಂತೋ, ಬೆಳಗ್ಗೆ ಎದ್ದ ಮೇಲೆಯೇ ಗೊತ್ತು. ಅಡುಗೆಗೆ ಒಂದು ಕೊಡ, ಮಗಳ ಜಡೆಗೆ ಅರ್ಧ" ಎಂದಳು.

ಒಡವೆಯೆಂದು ನಾನು ಪಾಠ ಹೇಳಿದ್ದು ಆಕೆಗೆ ದಿನಬಳಕೆಯ ಪಾತ್ರೆಯಾಗಿತ್ತು.

ಕಳೆದ ಗೌರಿಹಬ್ಬಕ್ಕೆ ತಂಗಿ ಬಂದಳು. ಬಿಸಿಲು ತಾಗಿದರೆ ರೋಗ ಕೆರಳುತ್ತದೆ. ಅದಕ್ಕೇ ಸಂಜೆಯ ಹೊತ್ತು. ಬಾಗಿನ ಕೊಟ್ಟಾದ ಮೇಲೆ ನನ್ನ ಹೆಂಡತಿ ಊಟಕ್ಕೆ ನಿಲ್ಲೆಂದು ಬಲವಂತ ಮಾಡಿದಳು. ಮೊದಲಾಗಿದ್ದರೆ ನಾನೂ ದನಿಗೂಡಿಸುತ್ತಿದ್ದೆ.

"ಎಷ್ಟು ಕೊಡ ಉಳಿದಿದೆಯಮ್ಮ?" ಎಂದು ಕೇಳಿದೆ.

"ಮನೆ ಸೇರುವಷ್ಟು."

ಆಟೋ ಕರೆತರಲು ಚಪ್ಪಲಿ ಮೆಟ್ಟಿಕೊಂಡೆ.